ಎರಡು ಕೋಳಿಗಳ ಪ್ರಕರಣ: ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ

ಪರದೆಯ ಮೇಲೆ ಎರಡು ಸಾಲು ಇದ್ದವು.

ಕೋಳಿ
ಕೋಳಿ

"ಇವೆರಡೂ ಬೇರೆ ಬೇರೆ ಪದ ಅಂತ ಪ್ರೋಗ್ರಾಂ ಹಟ ಹಿಡಿದಿದೆ. ತಲೆ ಕೆಟ್ಟಿರೋದು ನನಗೋ ಇದಕ್ಕೋ, ನೀನೇ ಹೇಳು" ಎಂದು ಗೆಳತಿ ಸ್ಕ್ರೀನ್‌ಶಾಟ್ ಕಳಿಸಿದ್ದಳು. ನಾನೂ ನೋಡಿದೆ. ದೊಡ್ಡದು ಮಾಡಿ ನೋಡಿದೆ. ಎರಡೂ ಕೋಳಿಯೇ.

ಆ ಎರಡು ಕೋಳಿಗಳ ಹಿಂದೆ ಸುಮಾರು ಐದು ವಾರ ಓಡಿದ ಕಥೆ ಇದು. ಗೆಳತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಹಾಕಿಲ್ಲ. ಯಾರೆಂದು ಗೊತ್ತಾಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಕೋಡ್‌ನಲ್ಲಿ ಏನಾಯಿತು ಅನ್ನೋದನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ನಾನು ಕೊಟ್ಟ ಒಂದು ಕೆಟ್ಟ ಸಲಹೆಯೂ ಅದರಲ್ಲಿ ಸೇರಿದೆ.

ಹಿನ್ನೆಲೆ

ಕೋಡ್ ಬರೆಯುವುದು ಅವಳ ಹೊಟ್ಟೆಪಾಡಿನ ಕೆಲಸ ಅಲ್ಲ. ಹಗಲು ಲೆಕ್ಕಪತ್ರ ನೋಡುತ್ತಾಳೆ. ರಾತ್ರಿ ಒಂದು ಗಂಟೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಿಡಿದು ಕೂರುತ್ತಾಳೆ. ಎರಡು ವರ್ಷದಿಂದ ಹೀಗೇ ನಡೆದಿದೆ. ಅವಳ ಇನ್ನೊಂದು ಹುಚ್ಚು ಪದಬಂಧ. ಬಿಡಿಸುವುದಕ್ಕಿಂತ ಕಟ್ಟುವುದು ಜಾಸ್ತಿ ಇಷ್ಟ. ಎರಡು ಹುಚ್ಚೂ ಒಂದು ದಿನ ಸೇರಿದವು. ಚೌಕಗಳ ಚಿತ್ರ ಕೊಟ್ಟರೆ, ಅದಕ್ಕೆ ಹೊಂದುವ ಪದಗಳನ್ನು ತಾನೇ ಹುಡುಕಿ ತುಂಬುವ ಒಂದು ಪ್ರೋಗ್ರಾಂ ಬರೆಯಬೇಕು ಎಂದು ಕೂತಳು.

ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ. ಮೊದಲ ಎಡವಟ್ಟು ಇಲ್ಲೇ ಸಿಕ್ಕಿತು. ಪೈಥಾನ್‌ನ ಉದ್ದ ಎಣಿಸುವ ಲೆನ್ ಫಂಕ್ಷನ್‌ಗೆ 'ಅಕ್ಷರ' ಎಂಬ ಪದ ಕೊಟ್ಟರೆ 5 ಅನ್ನುತ್ತದೆ. ಅ, ಕ, ವಿರಾಮ (ವ್ಯಂಜನವನ್ನು ಅರ್ಧಾಕ್ಷರ ಮಾಡುವ ಗುರುತು), ಷ, ರ. ಕನ್ನಡ ಓದುವವರಿಗೆ ಇದು ಮೂರೇ ಅಕ್ಷರ. 'ಸ್ತ್ರೀ' ಕೊಟ್ಟರೆ 6 ಬರುತ್ತದೆ, ಪದಬಂಧದಲ್ಲಿ ಅದಕ್ಕೆ ಒಂದೇ ಚೌಕ. ಸಿದ್ಧ ಲೈಬ್ರರಿ ಒಂದನ್ನು ಹಾಕಿ ನೋಡಿದಳು. ಅದು ಗುಣಿತವನ್ನು ಸರಿಯಾಗಿ ಹಿಡಿಯಿತು. ಆದರೆ 'ಕ್ಷ'ವನ್ನು 'ಕ್' ಮತ್ತು 'ಷ' ಎಂದು ಎರಡು ಮಾಡಿತು. ಕೊನೆಗೆ ತಾನೇ ಒಂದು ಫಂಕ್ಷನ್ ಬರೆದಳು. ಸ್ವರವೋ ವ್ಯಂಜನವೋ ಬಂದರೆ ಹೊಸ ಅಕ್ಷರ ಶುರು. ಹಿಂದಿನ ಅಕ್ಷರ ವಿರಾಮದಲ್ಲಿ ನಿಂತಿದ್ದರೆ ಮಾತ್ರ, ಬಂದ ವ್ಯಂಜನ ಒತ್ತಾಗಿ ಅದಕ್ಕೇ ಸೇರಬೇಕು. ಇನ್ನುಳಿದದ್ದು ಏನೇ ಬರಲಿ, ಹಿಂದಿನದಕ್ಕೆ ಅಂಟಿಸಿಬಿಡು.

ಆ ಕೊನೆಯ ಸಾಲನ್ನು ನೆನಪಿಡಿ. ಏನೇ ಬರಲಿ, ಅಂಟಿಸಿಬಿಡು. ಮುಂದೆ ಬರುವ ಅರ್ಧ ತೊಂದರೆಯನ್ನು ಐದು ವಾರ ಮುಚ್ಚಿಟ್ಟದ್ದು ಈ ಉದಾರ ಸಾಲೇ.

ಪದಗಳಿಗೆ ಎರಡು ಫೈಲ್ ಇದ್ದವು. ಒಂದು, ಅವಳೇ ವರ್ಷಗಟ್ಟಲೆ ಟೈಪ್ ಮಾಡುತ್ತಾ ಬಂದದ್ದು, ಸುಮಾರು 5,800 ಪದ. ಇನ್ನೊಂದು ಹಳೆಯ ಕಾಲದ್ದು, ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ನಂಬರ್ ಕೊಡುವ ಪದ್ಧತಿ) ಅಲ್ಲದ ಫಾಂಟ್‌ನಲ್ಲಿ ಯಾರೋ ಟೈಪ್ ಮಾಡಿಟ್ಟಿದ್ದ ಪಟ್ಟಿ, ಸುಮಾರು 4,300 ಪದ. ಅದನ್ನು ಒಂದು ಕನ್ವರ್ಟರ್ ಹಾಕಿ ಯುನಿಕೋಡ್‌ಗೆ ತಂದಿದ್ದಳು. ಎರಡನ್ನೂ ಸೇರಿಸಿ, ಪೈಥಾನ್‌ನ ಸೆಟ್‌ಗೆ ಹಾಕಿದರೆ ಎರಡೆರಡು ಸಲ ಬಂದದ್ದು ತಾನೇ ಹೋಗುತ್ತದೆ ಅಲ್ವಾ? ಹೋಯಿತು. ಮೊದಲ ಪದಬಂಧ ಕಟ್ಟಿತು. ಅಡ್ಡ 7ರಲ್ಲಿ ಕೋಳಿ. ಕೆಳಗೆ 12ರಲ್ಲಿ ಮತ್ತೆ ಕೋಳಿ.

ಸೆಟ್ ಮೇಲೆ ಅನುಮಾನ

ಎರಡು ರಾತ್ರಿ ಅವಳು ಸೆಟ್ ಮೇಲೆಯೇ ಅನುಮಾನಪಟ್ಟಳು. ಸೆಟ್ ಹೇಗೆ ಕೆಲಸ ಮಾಡುತ್ತದೆ, ಪದವನ್ನು ಬೇಗ ಹುಡುಕಲು ಸೆಟ್ ಲೆಕ್ಕ ಹಾಕಿ ತೆಗೆಯುವ ಹ್ಯಾಶ್ ಎಂಬ ಸಂಖ್ಯೆ ಅಂದರೆ ಏನು ಎಂದೆಲ್ಲ ಓದಿದಳು. ಕನ್ನಡಕ್ಕೆ ಹ್ಯಾಶ್ ಸರಿಯಾಗಿ ಬರುವುದಿಲ್ಲವೇನೋ ಎಂದು ಸೆಟ್ ಬಿಟ್ಟು, ಒಂದರೊಳಗೊಂದು ಎರಡು ಲೂಪ್ ಹಾಕಿ ಪ್ರತಿ ಪದವನ್ನೂ ಉಳಿದ ಎಲ್ಲ ಪದಗಳ ಜೊತೆ ಹೋಲಿಸಿದಳು. ಹತ್ತು ಸಾವಿರ ಪದಕ್ಕೆ ಹತ್ತು ಕೋಟಿ ಹೋಲಿಕೆ. ಕಾದು ಕಾದು ನೋಡಿದರೆ ಅದೇ ಉತ್ತರ. ಸೆಟ್ ಪಾಪ, ಏನೂ ತಪ್ಪು ಮಾಡಿರಲಿಲ್ಲ.

ಈ ಎರಡು ರಾತ್ರಿ ಪೂರ್ತಿ ದಂಡ ಅಂತ ನಾನು ಹೇಳುವುದಿಲ್ಲ. ಹ್ಯಾಶ್ ಬಗ್ಗೆ ಅವಳಿಗೆ ಈಗ ನನಗಿಂತ ಚೆನ್ನಾಗಿ ಗೊತ್ತು. ಆದರೆ ಲಕ್ಷಾಂತರ ಜನ ಹಗಲಿರುಳು ಬಳಸುವ ಸೆಟ್ ಕೆಟ್ಟಿರಬಹುದೋ, ತಾನು ಮೊನ್ನೆ ಸೇರಿಸಿದ ಫೈಲ್ ಕೆಟ್ಟಿರಬಹುದೋ? ಮೊದಲು ಯಾವುದನ್ನು ಬಗ್ಗಿ ನೋಡಬೇಕಿತ್ತು ಎಂದು ಈಗ ಅವಳೇ ನಗುತ್ತಾಳೆ.

ನಡುವೆ ಒಂದು ಸಣ್ಣ ಗೆಲುವೂ ಸಿಕ್ಕಿತು. ಪದಗಳ ಹಿಂದೆ ಮುಂದೆ ಇದ್ದ ಖಾಲಿ ಜಾಗವನ್ನು ಸ್ಟ್ರಿಪ್ ಹಾಕಿ ತೆಗೆದಾಗ ಒಂದು ಎಪ್ಪತ್ತು ಜೋಡಿ ಹೋದವು. ಕೋಳಿ ಮಾತ್ರ ಜಗ್ಗಲಿಲ್ಲ.

ನಂಬರ್ ಕೇಳಿದ ಸಂಜೆ

ಸ್ಕ್ರೀನ್‌ಶಾಟ್ ಬಂದ ಸಂಜೆ ನಾನು ಇಡೀ ಪಟ್ಟಿಯನ್ನೂ ಮೇಲ್‌ನಲ್ಲಿ ಕಳಿಸು ಅಂದೆ. ಆ ಮೇಲ್ ಮುಂದೆ ನಮ್ಮನ್ನು ಕಾಪಾಡುತ್ತದೆ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ. ಜೊತೆಗೆ ಇನ್ನೊಂದು ಮಾತು ಹೇಳಿದೆ: ಪದವನ್ನು ಪ್ರಿಂಟ್ ಮಾಡಬೇಡ, ಪದದೊಳಗಿನ ಒಂದೊಂದರ ನಂಬರ್ ಪ್ರಿಂಟ್ ಮಾಡು. ಪೈಥಾನ್‌ನಲ್ಲಿ ಅದಕ್ಕೆ ಆರ್ಡ್ ಅನ್ನುವ ಫಂಕ್ಷನ್ ಇದೆ. ಐದು ನಿಮಿಷಕ್ಕೆ ಉತ್ತರ ಬಂತು.

3221 3275 3251 3263
3221 3270 3266 3285 3251 3263

ಮೊದಲ ಕೋಳಿಗೆ ನಾಲ್ಕು ನಂಬರ್. ಎರಡನೆಯದಕ್ಕೆ ಆರು.

ಯುನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಜಾಗ ಕೊಟ್ಟಿದ್ದಾರೆ. 1991ರ ಮೊದಲ ಆವೃತ್ತಿಯಿಂದಲೂ ಕನ್ನಡ ಅದರಲ್ಲಿದೆ. 3221 ಅಂದರೆ ಕ. 3251 ಅಂದರೆ ಳ, 3263 ಅದರ ಗುಡಿಸು. ಇಷ್ಟು ಎರಡರಲ್ಲೂ ಒಂದೇ. ವ್ಯತ್ಯಾಸ ನಡುವಿನ ಓತ್ವದಲ್ಲಿದೆ. ಮೊದಲನೆಯದರಲ್ಲಿ ಓತ್ವಕ್ಕೆ ಒಂದೇ ನಂಬರ್, 3275. ಎರಡನೆಯದರಲ್ಲಿ ಅದನ್ನು ಮೂರು ತುಂಡಾಗಿ ಬರೆದಿದೆ: ಎತ್ವ 3270, ಊ ಕಾರದ ಕೊಂಬು 3266, ದೀರ್ಘದ ಗುರುತು 3285. ಸ್ಲೇಟಿನ ಮೇಲೆ ಕೋ ಬರೆಯುವಾಗ ನಾವು ಮಾಡುವುದೂ ಇದನ್ನೇ ಅಲ್ವಾ? ತಲೆಕಟ್ಟಿನ ಜಾಗದಲ್ಲಿ ಎತ್ವ, ಪಕ್ಕಕ್ಕೆ ಕೊಂಬು, ಕೊನೆಗೆ ದೀರ್ಘ. ಹಳೆಯ ಫಾಂಟ್‌ಗಳೂ ಅಕ್ಷರವನ್ನು ಹೀಗೇ ತುಂಡು ತುಂಡಾಗಿ ಜೋಡಿಸುತ್ತಿದ್ದವು. ಕನ್ವರ್ಟರ್ ಆ ತುಂಡುಗಳನ್ನು ಒಂದೊಂದಾಗಿ ಯುನಿಕೋಡ್‌ಗೆ ತಿರುಗಿಸಿ ಕೈತೊಳೆದುಕೊಂಡಿತ್ತು. ಪರದೆಯ ಮೇಲೆ ಎರಡೂ ಒಂದೇ ರೀತಿ ಮೂಡುತ್ತವೆ. ಹೋಲಿಸುವಾಗ ಪೈಥಾನ್ ನೋಡುವುದು ನಂಬರನ್ನು, ಚಿತ್ರವನ್ನಲ್ಲ.

ಇದು ತಪ್ಪು ಬರವಣಿಗೆಯೂ ಅಲ್ಲ. ಎರಡೂ ರೂಪ ಸಮ ಎಂದು ಯುನಿಕೋಡ್ ನಿಯಮವೇ ಹೇಳುತ್ತದೆ. ಈ, ಏ, ಐ, ಒ, ಓ ಕಾರದ ಗುಣಿತಗಳಿಗೆಲ್ಲ ಈ ಇಬ್ಬಗೆ ಇದೆ. ತುಂಡುಗಳನ್ನು ಸೇರಿಸಿ ಒಂದೇ ರೂಪಕ್ಕೆ ತರುವುದಕ್ಕೆ ನಾರ್ಮಲೈಸೇಶನ್ ಅನ್ನುತ್ತಾರೆ. ಅದರಲ್ಲಿ ಜೋಡಿಸಿದ ರೂಪದ ಹೆಸರು ಎನ್‌ಎಫ್‌ಸಿ. ಪೈಥಾನ್ ಜೊತೆಗೇ ಬರುವ ಯುನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಇದು ಒಂದು ಸಾಲಿನ ಕೆಲಸ. ಆ ಸಾಲು ಹಾಕಿದ ಕೂಡಲೇ ಪಟ್ಟಿಯಿಂದ 412 ಪದ ಉದುರಿದವು. ಕೋಳಿ ಒಂದೇ ಆಯಿತು.

ಇಲ್ಲಿಗೆ ಕಥೆ ಮುಗಿಯಿತು ಎಂದು ಇಬ್ಬರೂ ಅಂದುಕೊಂಡೆವು.

ನನ್ನ ಕೆಟ್ಟ ಸಲಹೆ

ಎರಡು ದಿನ ಬಿಟ್ಟು ಮತ್ತೆ ಮೆಸೇಜ್. ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತಾ ಹೋದಾಗ ಇನ್ನೂ 38 ಅವಳಿಗಳು ಕಣ್ಣಿಗೆ ಬಿದ್ದಿದ್ದವು. ಬಸ್ ಎರಡು ಸಲ, ಸಾಫ್ಟ್‌ವೇರ್ ಎರಡು ಸಲ. ಈ ಸಲ ಅವಳು ನನ್ನನ್ನು ಕೇಳುವ ಮೊದಲೇ ನಂಬರ್ ಪ್ರಿಂಟ್ ಮಾಡಿದ್ದಳು. ಒಂದು ಬಸ್ ಕೊನೆಯಲ್ಲಿ 8204 ಇತ್ತು.

8204 ಅಂದರೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಗುರುತು. 'ಇಲ್ಲಿ ಒತ್ತು ಮಾಡಬೇಡ' ಎಂದು ಫಾಂಟ್‌ಗೆ ಹೇಳುವುದು ಅದರ ಕೆಲಸ. ಪಕ್ಕದ 8205 ಅದರ ತಮ್ಮ. ಕೆಲವು ಕೀಬೋರ್ಡ್ ತಂತ್ರಾಂಶಗಳು ಅರ್ಧಾಕ್ಷರ ಬಂದ ಕೂಡಲೇ ನಾವು ಕೇಳದೆಯೇ 8204 ಹಾಕಿಬಿಡುತ್ತವೆ. ನಾರ್ಮಲೈಸೇಶನ್ ಇವನ್ನು ಮುಟ್ಟುವುದಿಲ್ಲ.

ನಾನು ಜಾಣನ ಹಾಗೆ ಹೇಳಿದೆ: "ಕಾಣದ್ದು ಇಟ್ಕೊಂಡು ಏನ್ ಮಾಡ್ತೀಯಾ? 8204, 8205 ಎರಡನ್ನೂ ಎಲ್ಲ ಕಡೆಯಿಂದ ಕಿತ್ತಾಕು."

ಕಿತ್ತಳು. 38 ಜೋಡಿ ಹೋದವು. ಸ್ವಚ್ಛವಾದ ಪಟ್ಟಿಯನ್ನು ಅದೇ ಹೆಸರಿನ ಫೈಲ್‌ಗೆ ಬರೆದಳು. ಹಳೆಯದರ ಮೇಲೆಯೇ.

ಒಂದು ವಾರ ಎಲ್ಲ ಚೆನ್ನಾಗಿತ್ತು. ಪಟ್ಟಿಗೆ ಇನ್ನೂ 140 ಪದ ಸೇರಿದವು. ಆಮೇಲೆ ಒಂದು ರಾತ್ರಿ, ಕಟ್ಟಿದ ಪದಬಂಧದಲ್ಲಿ ಒಂದು ಚೌಕ ಉಬ್ಬಿಕೊಂಡಂತೆ ಕಂಡಿತು. ಅದರೊಳಗೆ 'ಫ್ಟ್ವೇ' ಎಂಬ ಮೂರು ವ್ಯಂಜನದ ಮುದ್ದೆ ಕೂತಿತ್ತು. ಎಡಕ್ಕೆ 'ಸಾ', ಬಲಕ್ಕೆ 'ರ್'. ಸಾಫ್ಟ್‌ವೇರ್ ಮೂರು ಚೌಕದಲ್ಲಿ ತುರುಕಿಕೊಂಡಿತ್ತು.

ಆಗಿದ್ದು ಇಷ್ಟು. ಸಾಫ್ಟ್‌ವೇರ್ ಪದದಲ್ಲಿ ಟ್ ಆದ ಮೇಲೆ 8204 ಇದ್ದಾಗ, ವ ಅದರ ಒತ್ತಾಗದೆ ಬೇರೆ ನಿಲ್ಲುತ್ತದೆ. ಸಾ, ಫ್ಟ್, ವೇ, ರ್. ನಾಲ್ಕು ಅಕ್ಷರ. ಗೆಳತಿಯ ಫಂಕ್ಷನ್‌ಗೆ 8204 ಎಂದರೆ ಏನೆಂದು ಗೊತ್ತೇ ಇರಲಿಲ್ಲ. ಆದರೂ 'ಏನೇ ಬರಲಿ ಅಂಟಿಸು' ಸಾಲಿನ ಪುಣ್ಯದಿಂದ ಅದು ಟ್ ಜೊತೆ ಅಂಟಿಕೊಳ್ಳುತ್ತಿತ್ತು. ಹಿಂದಿನ ಅಕ್ಷರ ವಿರಾಮದಲ್ಲಿ ಮುಗಿಯದ ಕಾರಣ ವೇ ಹೊಸ ಅಕ್ಷರವಾಗುತ್ತಿತ್ತು. ಲೆಕ್ಕ ಸರಿ ಬರುತ್ತಿತ್ತು, ಸುಮ್ನೆ ಅದೃಷ್ಟದಿಂದ. ನಾವು ಗುರುತು ಕಿತ್ತೆವು, ಅದೃಷ್ಟ ಮುಗಿಯಿತು.

8205ನ್ನು ಕಿತ್ತದ್ದರ ಏಟು ಬೇರೆ ಥರದ್ದು. 'ರ‍್ಯಾಂಕ್' ಪದದಲ್ಲಿ ರ ಪೂರ್ತಿ ಕಂಡು ಯ ಒತ್ತಾಗಿ ಬರಬೇಕಾದರೆ ಆ ಗುರುತು ಬೇಕು. ಇಲ್ಲದಿದ್ದರೆ ಅದು ಅರ್ಕಾವೊತ್ತಾಗಿ 'ರ್ಯಾಂಕ್' ಎಂದು ಕಾಣುತ್ತದೆ. ಅಕ್ಷರದ ಎಣಿಕೆ ಎರಡೇ, ಅದು ಬದಲಾಗುವುದಿಲ್ಲ. ಕಣ್ಣಿಗೆ ಮಾತ್ರ ಕಸಿವಿಸಿ. ಒಂದನ್ನು ಕಿತ್ತರೆ ಲೆಕ್ಕ ಕೆಡುತ್ತದೆ, ಇನ್ನೊಂದನ್ನು ಕಿತ್ತರೆ ನೋಟ ಕೆಡುತ್ತದೆ. ಎರಡನ್ನೂ ಕಸ ಅಂತ ಒಂದೇ ಬುಟ್ಟಿಗೆ ಹಾಕಿದವನು ನಾನು.

ಈಗ ಹಳೆಯ ಫೈಲ್ ಬೇಕು. ಅದರ ಮೇಲೆ ಬರೆದಾಗಿದೆ. ಬ್ಯಾಕಪ್ ಇಲ್ಲ. ಅವಳು ಅಷ್ಟು ಹೊತ್ತು ಏನೂ ಮಾತಾಡಲಿಲ್ಲ ಅನ್ನೋದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ನನಗೇ ಹೊಳೆಯಿತು, ಸ್ಕ್ರೀನ್‌ಶಾಟ್ ಬಂದ ದಿನದ ಮೇಲ್. ಅದರಲ್ಲಿ ಇಡೀ ಪಟ್ಟಿ ಇತ್ತು, ಎಲ್ಲ ಗುರುತುಗಳ ಸಮೇತ. ಆಮೇಲೆ ಸೇರಿಸಿದ 140 ಪದಗಳನ್ನು ಅವಳು ಕೂತು ಒಂದೊಂದಾಗಿ ಓದಿದಳು. ಒಂಬತ್ತಕ್ಕೆ ಗುರುತು ಮತ್ತೆ ಹಾಕಬೇಕಾಯಿತು. ಅಂದಿನಿಂದ ಅವಳ ಪ್ರೋಗ್ರಾಂ ಮೂಲ ಫೈಲ್‌ಗೆ ಬರೆಯುವುದೇ ಇಲ್ಲ. ಓದುವುದು ಒಂದು ಫೋಲ್ಡರ್, ಬರೆಯುವುದು ಇನ್ನೊಂದು.

ಒಂದು ಪದಕ್ಕೆ ಎರಡು ರೂಪ

ಇಡೀ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ತೀರ್ಮಾನ ಇದು. ತೀರ್ಮಾನ ಅವಳದು, ನನ್ನದಲ್ಲ.

ಅಲ್ಲಿಯವರೆಗೆ ನಾವಿಬ್ಬರೂ ಕೇಳುತ್ತಿದ್ದ ಪ್ರಶ್ನೆ 'ಈ ಗುರುತು ಇರಬೇಕೋ ಬೇಡವೋ'. ಅವಳು ಅದನ್ನು ತಿರುಗಿಸಿದಳು. ಹೋಲಿಸುವಾಗ ಬೇಡ, ತೋರಿಸುವಾಗ ಬೇಕು. ಹಾಗಿದ್ದ ಮೇಲೆ ಒಂದೇ ರೂಪ ಯಾಕೆ ಇಟ್ಟುಕೊಳ್ಳಬೇಕು? ಪ್ರತಿ ಪದಕ್ಕೂ ಎರಡು ರೂಪ ಇಟ್ಟಳು. ಒಂದು ತೋರಿಸುವ ರೂಪ: ಎನ್‌ಎಫ್‌ಸಿ ಮಾಡಿದ್ದು, ಗುರುತುಗಳು ಹಾಗೇ ಇರುವುದು. ಚೌಕ ತುಂಬುವುದು, ಅಕ್ಷರ ಎಣಿಸುವುದು ಇದರಿಂದ. ಇನ್ನೊಂದು ಹೋಲಿಸುವ ರೂಪ: ಅದರಿಂದ 8204, 8205 ತೆಗೆದದ್ದು. ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡು ಪದ ಒಂದೇನಾ ಎಂದು ಕೇಳುವುದಕ್ಕೆ ಮಾತ್ರ. ಪೈಥಾನ್‌ನ ಡಿಕ್ಷನರಿಯಲ್ಲಿ ಹೋಲಿಸುವ ರೂಪ ಕೀ, ಅಂದರೆ ಹುಡುಕಲು ಬಳಸುವ ಹೆಸರು ಆಯಿತು, ತೋರಿಸುವ ರೂಪ ಆ ಕೀ ಕೊಟ್ಟರೆ ಸಿಗುವ ಮೌಲ್ಯ ಆಯಿತು. ಹನ್ನೆರಡು ಸಾಲಿನ ಕೋಡ್.

ಒಂದೇ ಕೀಗೆ ಎರಡು ಬೇರೆ ತೋರಿಸುವ ರೂಪ ಸಿಕ್ಕರೆ ಯಾವುದನ್ನು ಉಳಿಸಬೇಕು? 'ಉದ್ದ ಇರುವುದನ್ನು ಉಳಿಸು' ಎಂದು ನಾನು ಬಾಯಿ ತೆಗೆದೆ. ಅವಳು ಕೇಳಲಿಲ್ಲ, ಒಳ್ಳೆಯದೇ ಮಾಡಿದಳು. ಉದ್ದ ಇರುವುದನ್ನು ಉಳಿಸಿದ್ದರೆ ಬಸ್ ಪದದ ಬಾಲದಲ್ಲಿದ್ದ ಬೇಡದ 8204 ಉಳಿದುಕೊಳ್ಳುತ್ತಿತ್ತು. ಪ್ರೋಗ್ರಾಂ ಎರಡನ್ನೂ ತೋರಿಸಿ ಅವಳನ್ನೇ ಕೇಳುವ ಹಾಗೆ ಮಾಡಿದಳು. ಇದ್ದದ್ದು 38 ಪ್ರಶ್ನೆ. ಹತ್ತು ನಿಮಿಷದ ಕೆಲಸ. ಹತ್ತು ನಿಮಿಷದ ಕೆಲಸಕ್ಕೆ ಎರಡು ರಾತ್ರಿ ಕೂತು ಕೋಡ್ ಬರೆಯುವ ಚಟ ನಮ್ಮಂಥ ಹವ್ಯಾಸಿಗಳಿಗೆ ಜಾಸ್ತಿ.

ಎಲ್ಲವನ್ನೂ ಎಣಿಸಿದ ರಾತ್ರಿ

ಇನ್ನು ಆ ಉದಾರ ಸಾಲು. ಅದೃಷ್ಟದಿಂದ ಸರಿ ಬರುತ್ತಿದೆ ಎಂದು ಗೊತ್ತಾದ ಮೇಲೆ ಅದನ್ನು ಬಿಡುವುದು ಹೇಗೆ? 'ಏನೇ ಬರಲಿ ಅಂಟಿಸು' ತೆಗೆದು, 'ಗೊತ್ತಿಲ್ಲದ್ದು ಬಂದರೆ ನಿಲ್ಲು, ಕೂಗು' ಎಂದು ಬರೆದಳು. 8204, 8205ಕ್ಕೆ ಬೇರೆಯಾಗಿ ನಿಯಮ ಕೊಟ್ಟಳು. ಜೊತೆಗೆ ಉತ್ತರ ಮೊದಲೇ ಗೊತ್ತಿರುವ ಪದಗಳ ಒಂದು ಪುಟ್ಟ ಪರೀಕ್ಷೆ ಇಟ್ಟಳು: ಅಕ್ಷರ 3, ಸ್ತ್ರೀ 1, ಸಾಫ್ಟ್‌ವೇರ್ 4, ರ‍್ಯಾಂಕ್ 2. ಕೊನೆಯ ಅರ್ಧಾಕ್ಷರಕ್ಕೆ ಬೇರೆ ಚೌಕ ಕೊಡಬೇಕೋ ಬೇಡವೋ ಎಂದು ನಾವು ಒಂದು ಸಂಜೆ ಜಗಳ ಆಡಿದ್ದೂ ಉಂಟು. ಪದಬಂಧ ಅವಳದು, ಕೊಟ್ಟಳು.

ಪರೀಕ್ಷೆ ಪಾಸಾಯಿತು. ಇಡೀ ಪಟ್ಟಿಯ ಮೇಲೆ ಓಡಿಸಿದರೆ, ಮೊದಲ ಸಾಲಿನಲ್ಲೇ ಕೂಗಿಕೊಂಡು ನಿಂತಿತು. ನಂಬರ್ 65279. ಕೆಲವು ಎಡಿಟರ್‌ಗಳು ಫೈಲ್‌ನ ತಲೆಯಲ್ಲಿ ಬರೆಯುವ ಗುರುತು ಅದು. ಸ್ಟ್ರಿಪ್‌ಗೆ ಅದು ಖಾಲಿ ಜಾಗ ಅನ್ನಿಸುವುದಿಲ್ಲ, ತೆಗೆಯುವುದೂ ಇಲ್ಲ. ಅದನ್ನು ಸರಿ ಮಾಡಿದಳು. ಸ್ವಲ್ಪ ಮುಂದೆ ಹೋಗಿ ಮತ್ತೆ ನಿಂತಿತು. ಹೀಗೆ ಒಂದೊಂದೇ ಸರಿ ಮಾಡುತ್ತಾ ಕೂತರೆ ಬೆಳಗಾಗುತ್ತದೆ ಅನ್ನಿಸಿ, ಅವಳು ಬೇರೆ ಕೆಲಸ ಮಾಡಿದಳು. ಪದಗಳನ್ನೆಲ್ಲ ಒಂದೇ ಸಾಲಾಗಿ ಹೊಸೆದು, ಅದರಲ್ಲಿ ಯಾವ ನಂಬರ್ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಪ್ರತಿಯೊಂದರ ಪಕ್ಕ ಯುನಿಕೋಡ್ ಕೊಟ್ಟ ಹೆಸರನ್ನೂ ಬರೆಸಿ, ಕಡಿಮೆ ಬಂದದ್ದು ಮೇಲೆ ಬರುವ ಹಾಗೆ ಜೋಡಿಸಿದಳು. ಪೈಥಾನ್‌ನ ಕೌಂಟರ್ ಬಳಸಿದರೆ ಇದಕ್ಕೆ ನಾಲ್ಕು ಸಾಲು ಸಾಕು.

ಒಂದೇ ಪರದೆಯಲ್ಲಿ ಇಡೀ ಪಟ್ಟಿಯ ಜಾತಕ ಬಂತು. ಹತ್ತು ಸಾವಿರ ಪದ ಓದುವ ಬದಲು ಎಂಬತ್ತು ಚಿಲ್ಲರೆ ಸಾಲು ಓದಿದರೆ ಸಾಕು. ಮೇಲಿನ ಕೆಲವು ಸಾಲು ನೋಡಿದರೇ ಗೊತ್ತಾಗುತ್ತಿತ್ತು, ಇವರು ಇಲ್ಲಿಯವರಲ್ಲ ಅಂತ. 58, ಅದು ಕೋಲನ್. ಹನ್ನೊಂದು ಸಲ. ಮತ್ತೆ 3302, ಕನ್ನಡದ ಅಂಕಿ ಸೊನ್ನೆ, 43 ಸಲ. ಪದಗಳ ಪಟ್ಟಿಯಲ್ಲಿ ಅಂಕಿಗೆ ಏನು ಕೆಲಸ?

ಈಗ ಈ ಎರಡು ಪದ ನೋಡಿ: ಅಂಗಡಿ, ಅ೦ಗಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, 3202. ಎರಡನೆಯದರಲ್ಲಿ ಇರುವುದು ಸೊನ್ನೆ, 3302. ಸರಿಯಾಗಿ ನೂರರ ಅಂತರ. ಎಷ್ಟೋ ಫಾಂಟ್‌ಗಳಲ್ಲಿ ಇವೆರಡನ್ನು ಬೇರೆ ಮಾಡುವುದು ಕಷ್ಟ. ಯುನಿಕೋಡ್ ಪ್ರಕಾರ ಇವು ಸಮವೂ ಅಲ್ಲ, ಒಂದು ಅಕ್ಷರ ಭಾಗ, ಒಂದು ಅಂಕಿ. ಹಾಗಾಗಿ ನಾರ್ಮಲೈಸೇಶನ್ ಇದನ್ನು ಮುಟ್ಟಲಿಲ್ಲ. ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದಾಗಲೂ ಸಿಕ್ಕಿರಲಿಲ್ಲ, ಅದಕ್ಕೂ ಕಾರಣ ಇದೆ. ನಂಬರ್ ಪ್ರಕಾರ ಜೋಡಿಸಿದರೆ ಅನುಸ್ವಾರದ ಅಂಗಡಿ 'ಅ' ಪದಗಳ ತಲೆಯಲ್ಲೇ ಬರುತ್ತದೆ, ಸೊನ್ನೆಯ ಅಂಗಡಿ 'ಅ' ಪದಗಳ ಬಾಲದಲ್ಲಿ. ನಡುವೆ ನೂರಾರು ಪದ. ಅಕ್ಷರ ಎಣಿಸುವಾಗಲೂ ಸಿಕ್ಕಿರಲಿಲ್ಲ, ಸೊನ್ನೆಯನ್ನೂ ಆ ಉದಾರ ಸಾಲು 'ಅ' ಜೊತೆ ಅಂಟಿಸಿ ಮೂರು ಅಂತ ಸರಿಯಾದ ಉತ್ತರ ಕೊಡುತ್ತಿತ್ತು. ಕೋಲನ್ ಕಥೆಯೂ ಅದೇ. ದುಃಖ ಬರೆಯಬೇಕಾದ ಕಡೆ 'ದು:ಖ' ಎಂದಿತ್ತು, ವಿಸರ್ಗದ ಜಾಗದಲ್ಲಿ ಕೋಲನ್.

ಇವು ಯಾವ ಫೈಲ್‌ನಿಂದ ಬಂದವು ಎಂದು ನೋಡಿದಾಗ ಗೆಳತಿ ಸ್ವಲ್ಪ ಹೊತ್ತು ಸುಮ್ಮನಾದಳು. ಆವರೆಗೆ ಬಂದ ಬೈಗುಳವೆಲ್ಲ ಹಳೆಯ ಫಾಂಟ್‌ನ ಫೈಲ್‌ಗೆ ಸಂದಿತ್ತು. ಈ 43 ಸೊನ್ನೆ ಇದ್ದದ್ದು ಅವಳೇ ಟೈಪ್ ಮಾಡಿದ ಫೈಲ್‌ನಲ್ಲಿ. "ಮೊದಮೊದಲು ಅನುಸ್ವಾರ ಯಾವ ಕೀಲಿಯಲ್ಲಿದೆ ಅಂತ ಗೊತ್ತಿರಲಿಲ್ಲ. ಸೊನ್ನೆ ಸಿಕ್ತು, ನೋಡೋಕೆ ಒಂದೇ ಥರ ಇತ್ತು, ಒತ್ತಿಬಿಟ್ಟೆ" ಅಂದಳು.

ಸೊನ್ನೆಯನ್ನು ಏನು ಮಾಡುವುದು? 8204ರ ಪಾಠ ಹಸಿಯಾಗಿತ್ತು. ಇದನ್ನೂ ಹೋಲಿಸುವ ರೂಪದಲ್ಲಿ ಮಾತ್ರ ಬದಲಿಸೋಣವೇ ಎಂದು ನಾನು ಕೇಳಿದೆ. ಬೇಡ ಅಂದಳು. ಸಾಫ್ಟ್‌ವೇರ್‌ನಲ್ಲಿನ ಗುರುತಿಗೆ ಒಂದು ಅರ್ಥ ಇದೆ, ಅಂಗಡಿಯಲ್ಲಿನ ಸೊನ್ನೆಗೆ ಅರ್ಥವೇ ಇಲ್ಲ, ಅದು ಬರೀ ತಪ್ಪು. ತಪ್ಪನ್ನು ಮೂಲದಲ್ಲೇ ತಿದ್ದಬೇಕು. ಈ ಭೇದ ನನಗೆ ಹೊಳೆದಿರಲಿಲ್ಲ.

ಪದಪಟ್ಟಿಯಲ್ಲಿ ತಿದ್ದುವುದು ಸುಲಭ. ಅಲ್ಲಿ ಅಂಕಿಯೇ ಇಲ್ಲ, ಎಲ್ಲ ಸೊನ್ನೆಯೂ ಅನುಸ್ವಾರವೇ. ಅದೇ ಸ್ಕ್ರಿಪ್ಟನ್ನು ಸುಳಿವುಗಳ ಫೈಲ್ ಮೇಲೂ ಓಡಿಸಲು ಹೋಗಿ, ಎಂಟರ್ ಒತ್ತುವ ಮೊದಲು ನಿಂತಳು. ಸುಳಿವುಗಳಲ್ಲಿ ಇಸವಿಗಳಿವೆ, ಕನ್ನಡ ಅಂಕಿಯಲ್ಲೇ. ೧೯೫೦ರ ಸೊನ್ನೆಯೂ ಅನುಸ್ವಾರವಾಗಿಬಿಡುತ್ತಿತ್ತು, ಯಾರ ಕಣ್ಣಿಗೂ ಗೊತ್ತಾಗದ ಹಾಗೆ! ಹಾಗಾಗಿ ನಿಯಮ ಸ್ವಲ್ಪ ಬಿಗಿಯಾಯಿತು. ಸೊನ್ನೆಯ ಹಿಂದೆ ಅಕ್ಷರವೋ ಗುಣಿತವೋ ಇದ್ದರೆ ಅದು ಅನುಸ್ವಾರ. ಹಿಂದೆ ಅಂಕಿಯೋ ಖಾಲಿ ಜಾಗವೋ ಇದ್ದರೆ ಮುಟ್ಟಬೇಡ. ಕೋಲನ್‌ಗೆ ಎರಡೂ ಕಡೆ ಅಕ್ಷರ ಇರಬೇಕು. ಪದದ ಕೊನೆಯಲ್ಲಿ ಕೋಲನ್ ಇದ್ದ ಎರಡನ್ನು ಮಾತ್ರ ಅವಳೇ ನೋಡಿ ತಿದ್ದಿದಳು.

ಪಕ್ಕದಲ್ಲಿ ಸಿಕ್ಕ ಒಂದು ವಿಷಯ. ನಂಬರ್ ಪ್ರಕಾರ ಜೋಡಿಸಿದ ಪಟ್ಟಿ ನಿಘಂಟಿನ ಕ್ರಮದಲ್ಲಿ ಇರುವುದಿಲ್ಲ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ, ಹ ಆದ ಮೇಲೆ. ಯುನಿಕೋಡ್‌ನಲ್ಲಿ ಅದು ಲ ಪಕ್ಕದಲ್ಲೇ ಕೂತಿದೆ, ವ ಬರುವ ಮೊದಲು. ಭಾರತದ ಲಿಪಿಗಳನ್ನೆಲ್ಲ ಒಂದೇ ಅಚ್ಚಿನಲ್ಲಿ ಜೋಡಿಸಿದ 1988ರ ಇಸ್ಕಿ ಮಾದರಿಯ ಬಳುವಳಿ ಅದು. ಹಾಗಾಗಿ ಬಳೆ ಮೊದಲು, ಬವಣೆ ಆಮೇಲೆ ಬರುತ್ತದೆ. ಪದಬಂಧಕ್ಕೆ ಇದರಿಂದ ಏನೂ ಆಗಬೇಕಾದ್ದಿಲ್ಲ, ಅವಳು ಹಾಗೇ ಬಿಟ್ಟಿದ್ದಾಳೆ. ನಾನು ಮಾತ್ರ ಅದನ್ನು ನೋಡಿದಾಗಲೆಲ್ಲ ಕೈ ತುರಿಸಿಕೊಳ್ಳುತ್ತೇನೆ.

ಈಗ

ಪ್ರೋಗ್ರಾಂ ಈಗ ವಾರಕ್ಕೊಂದು ಪದಬಂಧ ಕಟ್ಟುತ್ತದೆ. ಎಣಿಸುವ ಆ ನಾಲ್ಕು ಸಾಲು ಪ್ರೋಗ್ರಾಂನ ಬಾಗಿಲಲ್ಲೇ ಕೂತಿದೆ. ಹೊಸ ಫೈಲ್ ಯಾವುದೇ ಬರಲಿ, ಮೊದಲು ಅದರ ನಂಬರ್‌ಗಳ ಲೆಕ್ಕ ತೆಗೆದು, ಪರಿಚಯ ಇಲ್ಲದ ಮುಖ ಇದ್ದರೆ ಒಳಗೆ ಬಿಡುವುದಿಲ್ಲ. ಪರಿಚಿತರ ಪಟ್ಟಿಯನ್ನು ಅವಳೇ ಕೈಯಿಂದ ಬರೆದಿದ್ದಾಳೆ.

ಕಳೆದ ತಿಂಗಳು ಯಾರೋ ಅವಳಿಗೆ ಇನ್ನೊಂದು ಪದಪಟ್ಟಿ ಕೊಟ್ಟರು, ಯಾವುದೋ ವೆಬ್ ಪುಟದಿಂದ ಕಾಪಿ ಮಾಡಿದ್ದು. ರಾತ್ರಿ ಹತ್ತೂವರೆಗೆ ನನಗೊಂದು ಮೆಸೇಜ್ ಬಂತು. ಸ್ಕ್ರೀನ್‌ಶಾಟ್ ಇಲ್ಲ, ಪದ ಇಲ್ಲ.

"8204 ಗೊತ್ತು. 8205 ಗೊತ್ತು. 8203 ಅಂತೆ, 26 ಸಲ ಇದ್ದಾರೆ. ಇವರ್ಯಾರು?"